ನಾಲ್ಕನೆಯ ಬಳೆ

ನಾನು ಗ್ಯಾಸ್ ವೆಲ್ಡಿಂಗ್ ಕಲಿಯುವಂತಾದದ್ದು ನನ್ನ ಹೊಲಿಗೆ ಮೆಷಿನಿನ ಕಾಲು ಮುರಿದದ್ದರಿಂದ. ಅರುವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತಮೂರು. ಅಪ್ಪ ತೀರಿಹೋಗಿದ್ದರು, ನರಿಮೊಗರಿನ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಮಹಿಳಾ ಮಂಡಲದ ಹೊಲಿಗೆ ತರಗತಿಗೆ ನಾನು ಟೀಚರ್ ಆಗಿದ್ದೆ. ಒಂದು ದಿನ ಬಸ್ಸಿನ ಟಾಪಿನಿಂದ ಮೆಷಿನನ್ನು ಇಳಿಸುವಾಗ ಹಗ್ಗ ಜಾರಿ ಅದು ರಸ್ತೆಗೆ ಬಿತ್ತು. ಮೇಲಿನ ಯಂತ್ರಕ್ಕೆ ಏನೂ ಆಗಲಿಲ್ಲ. ಎರಕದ ಕಾಲು ಮಾತ್ರ ಎರಡು ತುಂಡಾಯಿತು. ಅದನ್ನು ಬೆಸೆಯಬಲ್ಲವರು ಪುತ್ತೂರಿನ ‘ಶೆಡ್ಡಿ’ನಲ್ಲಿದ್ದಾರೆ ಎಂದು ಕಂಡಕ್ಟರೇ ಹೇಳಿದ.

ಶೆಡ್ಡು ಎಂದರೆ ಹಿಂದೆ ಹಂಚು ದಾಸ್ತಾನು ಮಾಡುತ್ತಿದ್ದ ಉದ್ದನೆಯ ಕಟ್ಟಡ. ದೂರದ ಊರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ್ದ ಒಬ್ಬರು ಪೇಟೆಯ ನಾಲ್ಕು ಮಂದಿಯ ಸಮಿತಿ ಕಟ್ಟಿ ಅದನ್ನು ನಡೆಸುತ್ತಿದ್ದರು. ಅವರನ್ನು ಎಲ್ಲರೂ ಮೇಸ್ತ್ರಿಗಳು ಎಂದೇ ಕರೆಯುತ್ತಿದ್ದೆವು. ಒಂದು ಲೇತು, ಒಂದು ಕುಲುಮೆ, ಮರಗೆಲಸದ ಎರಡು ಮೇಜು, ಮೂಲೆಯಲ್ಲಿ ಗ್ಯಾಸ್ ವೆಲ್ಡಿಂಗಿನ ಸಾಮಾನು. ಬಾಗಿಲ ಬಳಿಯ ಹಲಗೆಯಲ್ಲಿ ‘ಕಲಿಯಲು ಬಂದವರಿಗೆಲ್ಲ ಜಾಗ ಉಂಟು’ ಎಂದು ಸುಣ್ಣದಲ್ಲಿ ಬರೆದಿತ್ತು. ಕಲಿಯುವವರು ಏನೂ ಕೊಡಬೇಕಾಗಿರಲಿಲ್ಲ. ವಾರಕ್ಕೊಮ್ಮೆ ಸರದಿಯಲ್ಲಿ ಗುಡಿಸಿದರೆ ಸಾಕು. ಗದ್ದೆ ಕೆಲಸದವರು, ಶಾಲೆ ಬಿಟ್ಟವರು, ಒಂದು ಕೈ ಇಲ್ಲದ ಒಬ್ಬ ಗಾಡಿಯವ, ಯಾರು ಯಾರೋ ಬರುತ್ತಿದ್ದರು.

ನಾನು ಮುರಿದ ಕಾಲನ್ನು ಮೇಜಿನ ಮೇಲಿಟ್ಟೆ. ಮೇಸ್ತ್ರಿಗಳು ತಿರುಗಿಸಿ ನೋಡಿ ಹೇಳಿದರು: “ಇದು ರಿಪೇರಿ ಅಂಗಡಿ ಅಲ್ಲ ಟೀಚರೇ. ನಾನು ಮಾಡಿಕೊಡುದಿಲ್ಲ. ನೀವು ಮಾಡುದು, ನಾನು ಬದಿಯಲ್ಲಿ ನಿಲ್ಲುದು.”

ಆ ಕಾಲನ್ನು ಹಿತ್ತಾಳೆ ಹಾಕಿ ಬೆಸೆಯಲು ನನಗೆ ಮೂರು ವಾರ ಹಿಡಿಯಿತು. ಕೊನೆಗೆ ಅದು ನಿಂತಿತು. ಅಷ್ಟು ಹೊತ್ತಿಗೆ ನನಗೆ ಮೆಷಿನಿನ ಚಿಂತೆಯೇ ಹೋಗಿತ್ತು. ಕಪ್ಪು ಕನ್ನಡಕದೊಳಗಿಂದ ನೋಡಿದರೆ ಜ್ವಾಲೆಯ ತುದಿಯಲ್ಲಿ ಕಬ್ಬಿಣ ಬೆವರಿದಂತಾಗಿ, ಒಮ್ಮೆಲೇ ಕರಗಿ ಸಣ್ಣ ಕೊಳವಾಗುತ್ತದೆ. ಆ ಕೊಳವನ್ನು ಕೈ ಹಿಡಿದು ನಡೆಸಿದ ಹಾಗೆ ಮುಂದೆ ಮುಂದೆ ನಡೆಸಬೇಕು. ಅವಸರ ಮಾಡಿದರೆ ಮೇಲೆ ಮಾತ್ರ ಅಂಟುತ್ತದೆ, ತಡ ಮಾಡಿದರೆ ತೂತಾಗುತ್ತದೆ. ಬಟ್ಟೆಯ ಹೊಲಿಗೆಯಲ್ಲಿ ತಪ್ಪಿದರೆ ಬಿಚ್ಚಬಹುದು. ಇಲ್ಲಿ ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು.

ಗ್ಯಾಸಿನ ಮೂಲೆಗೆ ನನ್ನ ಹಾಗೆಯೇ ಬರುತ್ತಿದ್ದ ಇನ್ನೊಬ್ಬ ಹೆಂಗಸಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಮನೆಮಾತು ತುಳು. ಗಂಡ ಮರ ಕಡಿಯುವ ಕಾಡಿನ ಕೂಪಿನಿಂದ ದಿಮ್ಮಿ ಸಾಗಿಸುವ ಲಾರಿಯಲ್ಲಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಕ್ಕ ಎರಡು ವರ್ಷದ ಮಗಳೊಂದಿಗೆ ಪುತ್ತೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬೀಡಿ ಕಟ್ಟುತ್ತಿದ್ದಳು. ಶನಿವಾರ ಹೊಳೆ ದಾಟಿ ಕಡಬದ ಕಡೆಯ ಗಂಡನ ಮನೆಗೆ ಹೋಗಿ, ಅತ್ತೆಯನ್ನು ನೋಡಿಕೊಂಡು, ಸೋಮವಾರ ಮರಳುತ್ತಿದ್ದಳು. ಕೆಲಸದಲ್ಲಿ ನನಗಿಂತ ನಿಧಾನ, ನನಗಿಂತ ಗಟ್ಟಿ.

ನಮ್ಮಿಬ್ಬರ ಕೈಗೆ ಗ್ಯಾಸು ಕೊಟ್ಟದ್ದು ಸಮಿತಿಯ ಅಧ್ಯಕ್ಷರಿಗೆ ಹಿಡಿಸಿರಲಿಲ್ಲ. ಅವರು ನಿವೃತ್ತ ಹೆಡ್‌ಮಾಸ್ಟರು. ಕೆಟ್ಟವರಲ್ಲ, ಶೆಡ್ಡಿಗಾಗಿ ಮನೆ ಮನೆ ತಿರುಗಿ ಸಾಮಾನು ಬೇಡಿ ತಂದವರು. ಆದರೆ ಬೆಂಕಿ ಮತ್ತು ಹೆಂಗಸರು ಅಂದರೆ ಅವರಿಗೆ ಅಡುಗೆಮನೆಯಾಚೆ ಏನೂ ತೋಚುತ್ತಿರಲಿಲ್ಲ. ಒಂದು ಸಂಜೆ ನಮ್ಮೆದುರೇ ಮೇಸ್ತ್ರಿಗಳಿಗೆ ಹೇಳಿದರು: “ನಿಮ್ಮ ಮಾತಿಗೆ ಒಪ್ಪಿದ್ದೇನೆ ಮಾರಾಯ್ರೆ. ಆದರೆ ಒಂದು ಅನಾಹುತ ಆಗ್ಲಿ, ಹೆಂಗಸರಿಗೆ ಗ್ಯಾಸು ಅವತ್ತಿಗೇ ಬಂದ್. ಎರಡನೇದಕ್ಕೆ ಕಾಯುದಿಲ್ಲ.”

ಅಂದಿನಿಂದ ನಾನು ಜ್ವಾಲೆ ಹಚ್ಚಿದಾಗಲೆಲ್ಲ ಆ ಮಾತು ಬೆನ್ನ ಹಿಂದೆ ನಿಂತಿರುತ್ತಿತ್ತು.

ಆ ವರ್ಷ ಬೇಸಿಗೆಯ ಕೊನೆಗೆ ಕುಮಾರಧಾರೆಯ ಕಡವಿನ ಕೆಲಸ ಬಂತು. ಆಗ ಅಲ್ಲಿ ಸೇತುವೆ ಇರಲಿಲ್ಲ. ಪುತ್ತೂರಿನ ಬಸ್ಸು ಈಚೆ ದಡದಲ್ಲಿ ನಿಲ್ಲುವುದು, ಜನ ದೋಣಿಯಲ್ಲಿ ದಾಟುವುದು, ಆಚೆ ದಡದಲ್ಲಿ ಕಡಬದ ಬಸ್ಸು ಹತ್ತುವುದು. ಹಿಂದಿನ ಮಳೆಗಾಲದಲ್ಲಿ ದೋಣಿಯೊಂದು ಸೆಳೆತಕ್ಕೆ ಸಿಕ್ಕಿ ಬಹಳ ಕೆಳಗೆ ಹೋಗಿ ಬಂಡೆಗೆ ತಾಗಿತ್ತು. ಜನ ಉಳಿದದ್ದೇ ಹೆಚ್ಚು. ಹಾಗಾಗಿ ಪಂಚಾಯತಿನವರು ಕೂಪಿನಿಂದ ಹಳೆಯ ಉಕ್ಕಿನ ಹಗ್ಗವೊಂದನ್ನು ತರಿಸಿ ದಡದಿಂದ ದಡಕ್ಕೆ ಬಿಗಿಯಲು ಹೊರಟರು. ಹಗ್ಗದ ಮೇಲೆ ಓಡುವ ಎರಡು ರಾಟೆ, ರಾಟೆಯಿಂದ ಸರಪಳಿ, ಸರಪಳಿಯ ತುದಿಗೆ ದೋಣಿ. ದೋಣಿಯವ ಹಗ್ಗ ಹಿಡಿದೆಳೆದರೆ ದೋಣಿ ನೇರ ದಾಟುತ್ತದೆ, ನೀರು ಎಷ್ಟೇ ಎಳೆದರೂ ಕೆಳಗೆ ಹೋಗುವುದಿಲ್ಲ. ರಾಟೆಗೂ ಸರಪಳಿಗೂ ನಡುವೆ ಹೆಬ್ಬೆರಳು ದಪ್ಪದ ಸರಳನ್ನು ಬಗ್ಗಿಸಿ ಬೆಸೆದ ಬಳೆಗಳು ಬೇಕಿತ್ತು. ಒಂದಕ್ಕೊಂದು ಕೋದಂತೆ ರಾಟೆಗೆ ಎರಡು, ಒಟ್ಟು ನಾಲ್ಕು.

ಎರಡನ್ನು ಮೇಸ್ತ್ರಿಗಳು ಮಾಡಿದರು. ಮೂರನೆಯದನ್ನು ಅಕ್ಕ ಮಾಡಿದಳು. ನಾಲ್ಕನೆಯದು ನನ್ನದು.

ಅಂದು ಮಧ್ಯಾಹ್ನ ಅಧ್ಯಕ್ಷರು ಪಂಚಾಯತಿನ ಮೂರು ಮಂದಿಯನ್ನು ಕರಕೊಂಡು ಶೆಡ್ಡಿಗೆ ಬಂದರು. ಪಡುವಣದಲ್ಲಿ ಮೋಡ ಕಟ್ಟಲು ಶುರುವಾಗಿತ್ತು. ಮರುದಿನವೇ ಸಾಮಾನು ಕಡವಿಗೆ ಹೋಗಬೇಕು. ಮೇಸ್ತ್ರಿಗಳು ಲೇತಿನಲ್ಲಿ ರಾಟೆಯ ತೂತು ಕೊರೆಯುತ್ತಿದ್ದರು. ನಾನು ಸರಳಿನ ಎರಡು ತುದಿಗಳನ್ನು ಇಳಿಜಾರಾಗಿ ಅರ ಹಾಕಿ, ಎದುರು ಬದುರು ಹಿಡಿದು, ಜ್ವಾಲೆ ಹಚ್ಚಿದೆ. ಬಂದವರು ನನ್ನ ಸುತ್ತ ನಿಂತರು.

“ಇವರೇ ಮಾಡುದಾ?” ಎಂದು ಒಬ್ಬರು ಕೇಳಿದ್ದು ಕೇಳಿಸಿತು.

“ಹೌದು, ಇವರೇ” ಎಂದರು ಅಧ್ಯಕ್ಷರು. ಆ ಸ್ವರದಲ್ಲಿ ಹೆಮ್ಮೆ ಇತ್ತೋ ಎಚ್ಚರಿಕೆ ಇತ್ತೋ ನನಗೆ ತಿಳಿಯಲಿಲ್ಲ.

ಒಂದು ಬದಿ ಚೆನ್ನಾಗಿ ಕೂಡಿತು. ಬಳೆಯನ್ನು ಮಗುಚಿ ಇನ್ನೊಂದು ಬದಿಗೆ ಬಂದಾಗ ಜ್ವಾಲೆ ‘ಪಟ್’ ಎಂದಿತು. ಮತ್ತೊಮ್ಮೆ ‘ಪಟ್’. ಜ್ವಾಲೆಯ ಹೃದಯದಂತಿರುವ ಆ ಬಿಳಿ ಮೊನೆ ಮಂಕಾಯಿತು. ಆಮ್ಲಜನಕದ ಸಿಲಿಂಡರು ಬರಿದಾಗುತ್ತಿತ್ತು. ಇನ್ನೊಂದು ಸಿಲಿಂಡರು ಮಂಗಳೂರಿನಿಂದ ಲಾರಿಯಲ್ಲಿ ಬರಲು ಒಂದು ವಾರ. ಕಬ್ಬಿಣ ಬೆವರಿತು, ಆದರೆ ಕೊಳ ಕಟ್ಟಲಿಲ್ಲ. ನಾನು ಬೆಸುಗೆಯ ಕಡ್ಡಿಯನ್ನು ಕರಗಿಸಿ ಸಂದಿಯ ಗುಂಡಿಗೆ ಮೇಲಿನಿಂದ ತುಂಬಿದೆ. ಕಡ್ಡಿಯ ಲೋಹ ಅಂಚನ್ನು ಹಿಡಿಯದೆ ಸುಮ್ಮನೆ ಗುಂಡಿಯಲ್ಲಿ ಕೂತದ್ದು ನನ್ನ ಕಣ್ಣಿಗೆ ಕಂಡಿತು. ಕಂಡಿತು ಎಂಬುದನ್ನು ಇಷ್ಟು ವರ್ಷಗಳ ನಂತರವೂ ನಾನು ಬೇರೆ ರೀತಿ ಹೇಳಲಾರೆ.

“ಆಯ್ತಾ ಟೀಚರೇ?” ಅಧ್ಯಕ್ಷರು ಕೇಳಿದರು.

ಆಗ ನಾನು ‘ಇಲ್ಲ, ಕತ್ತರಿಸಬೇಕು’ ಎನ್ನಬೇಕಿತ್ತು. ಅಂದಿದ್ದರೆ ಒಂದು ವಾರ ತಡವಾಗುತ್ತಿತ್ತು, ಅಷ್ಟೆ. ಆದರೆ ನಾಲ್ಕು ಜೊತೆ ಕಣ್ಣು ನನ್ನ ಕೈಯ ಮೇಲಿದ್ದವು.

“ಆಯ್ತು” ಎಂದೆ.

ಅವರು ಚಹಾಕ್ಕೆಂದು ಹೊರಗೆ ಹೋದ ಮೇಲೆ ಅರ ತೆಗೆದುಕೊಂಡು ಬೆಸುಗೆಯನ್ನು ತಿಕ್ಕಿ ತಿಕ್ಕಿ ನುಣುಪು ಮಾಡಿದೆ. ಉಳಿದ ಮೂರು ಬಳೆಗಳ ಬೆಸುಗೆ ಗಾಯದ ಕಲೆಯ ಹಾಗೆ ಉಬ್ಬಿಕೊಂಡಿತ್ತು. ನನ್ನದು ಎಲ್ಲಿ ಕೂಡಿದೆ ಎಂದು ಹುಡುಕಬೇಕು, ಹಾಗೆ. ಮೇಸ್ತ್ರಿಗಳು ಬಂದು ನಾಲ್ಕನ್ನೂ ದಾರದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಬಡಿದು ನೋಡಿದರು. ಮೂರು ಬಳೆಗಳು ಗಂಟೆಯ ಹಾಗೆ ನುಡಿದವು. ನಾಲ್ಕನೆಯದರ ಸ್ವರ ಬೇಗ ಸತ್ತಿತು. ಅಷ್ಟರಲ್ಲಿ ಪಂಚಾಯತಿನವರು ಒಳಗೆ ಬಂದು, “ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಗಾಡಿ ಕಳಿಸುದು?” ಎಂದು ಕೇಳಿದರು. ಮೇಸ್ತ್ರಿಗಳು ಅತ್ತ ತಿರುಗಿದರು. ನಾನು ನಾಲ್ಕು ಬಳೆಗೂ ಕೆಂಪು ಬಣ್ಣ ಬಳಿದೆ.

ಹಗ್ಗದ ಕಡವು ಶುರುವಾದ ದಿನ ಹೊಳೆಯಲ್ಲಿ ಮೊಣಕಾಲು ನೀರು ಇದ್ದ ಜಾಗಗಳೂ ಇದ್ದವು. ದೋಣಿ ಹಗ್ಗದ ಕೆಳಗೆ ಎಳೆದ ಗೆರೆಯಲ್ಲಿ ನಡೆದಂತೆ ಆಚೆ ಹೋಗಿ ಈಚೆ ಬಂತು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ನಿಂತು ಮಾತಾಡಿದರು. “ಈ ನಾಲ್ಕು ಬಳೆಗಳಲ್ಲಿ ಎರಡನ್ನು ನಮ್ಮ ಹೆಂಗಸರು ಮಾಡಿದ್ದು. ನನಗೇ ಮೊದಲು ನಂಬಿಕೆ ಇರ್ಲಿಲ್ಲ, ಸತ್ಯ ಹೇಳ್ತೇನೆ” ಎಂದರು. ಎಲ್ಲರೂ ನಮ್ಮತ್ತ ನೋಡಿದರು. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಯಾರೋ ಒಬ್ಬರು ನನ್ನ ಬಳೆಯನ್ನೇ ತೋರಿಸಿ, “ಇದು ಭಾರೀ ಚಂದ ಆಗಿದೆ” ಎಂದರು.

ಮೂರನೇ ದಿನಕ್ಕೆ ಮಳೆ ಹಿಡಿಯಿತು.

ಮೊದಲ ಶನಿವಾರ ನಾನು ಏನೂ ಮಾಡಲಿಲ್ಲ. ಅಕ್ಕ ಹೋದಳು. ಸೋಮವಾರ ಬರುವವರೆಗೆ ನಾನು ತರಗತಿಯಲ್ಲಿ ಕತ್ತರಿ ಎಲ್ಲಿಟ್ಟೆ ಎಂದು ಹುಡುಕುವುದೇ ಆಯಿತು. ಅವಳು ಶೆಡ್ಡಿಗೆ ಬಂದು, “ಭಾರೀ ಸುಖ ಮಾರಾಯ್ತಿ, ಮೊದಲು ದೋಣಿ ಹತ್ತುವಾಗ ಎದೆ ಹೊಡೀತಿತ್ತು, ಈಗ ಮಗು ಮಡಿಲಲ್ಲೇ ನಿದ್ದೆ ಮಾಡಿತು” ಎಂದಳು. ನನಗೆ ಸಮಾಧಾನವಾಯಿತು. ತಡೆದಿದೆಯಲ್ಲ, ಹಾಗಾದರೆ ತಡೆಯುತ್ತದೆ ಎಂದುಕೊಂಡೆ. ಮಂಗಳವಾರ ಮತ್ತೆ ಮಳೆ. ಬುಧವಾರ, ಗುರುವಾರ ಬಿಡದೆ ಮಳೆ. ಆ ಕಡೆಯ ಬಸ್ಸು ನಮ್ಮ ಮನೆಯೆದುರಿನ ರಸ್ತೆಯಲ್ಲೇ ಹಾದುಹೋಗುತ್ತಿತ್ತು. ಹೊಳೆ ಎಲ್ಲಿವರೆಗೆ ಬಂದಿದೆ ಎಂದು ನಾನು ಕಂಡಕ್ಟರನ್ನು ದಿನಾ ಕೇಳತೊಡಗಿದೆ. “ನಿಮಗೆಂತ ಟೀಚರೇ ಹೊಳೆಯ ಉಸಾಬರಿ?” ಎಂದು ಅವ ನಗುತ್ತಿದ್ದ. ಶುಕ್ರವಾರ ನಗದೆ ಹೇಳಿದ: “ಮೆಟ್ಟಿಲು ಪೂರಾ ಮುಳುಗಿದೆ. ದೋಣಿ ಉಂಟು, ಹಗ್ಗ ಉಂಟಲ್ಲ ಈಗ.”

ಹಗ್ಗ ಉಂಟಲ್ಲ ಎಂಬ ನಂಬಿಕೆಯಿಂದಲೇ ಜನ ದಾಟುತ್ತಿದ್ದರು. ಹಗ್ಗ ಇಲ್ಲದಿದ್ದರೆ ಅಂಥ ನೀರಿಗೆ ಯಾರೂ ದೋಣಿ ಇಳಿಸುತ್ತಲೇ ಇರಲಿಲ್ಲ. ಇದು ನನಗೆ ಹೊಳೆದದ್ದು ಆ ರಾತ್ರಿ.

ಶನಿವಾರ ಮಧ್ಯಾಹ್ನ ಅಕ್ಕ ಮಗುವಿನೊಂದಿಗೆ ಬಸ್ ಸ್ಟ್ಯಾಂಡಿನಲ್ಲಿದ್ದಳು. ನಾನೂ ಅದೇ ಬಸ್ಸು ಹತ್ತಿದೆ.

“ನರಿಮೊಗರಿಗಾ?” ಎಂದಳು.

“ಇಲ್ಲ, ಕಡವಿಗೆ. ಹೊಳೆ ನೋಡ್ಬೇಕು ಅಂತ.”

“ಮಳೆಯಲ್ಲಿ ಹೊಳೆ ನೋಡುದಾ? ನಿಮಗೆ ಮರುಳು” ಎಂದು ನಕ್ಕು, ಮಗುವನ್ನು ನನ್ನ ತೊಡೆಗೆ ಕೊಟ್ಟಳು. ಬಸ್ಸಿನ ಬದಿಯ ಟರ್ಪಾಲು ಇಳಿಬಿಟ್ಟಿದ್ದರು. ಒಳಗೆ ಕತ್ತಲೆ, ಒದ್ದೆ ಕೊಡೆಗಳ ವಾಸನೆ. ಮಗು ನನ್ನ ಗಡಿಯಾರದ ಪಟ್ಟಿಯನ್ನು ಕಚ್ಚುತ್ತ ಕೂತಿತು. ನಮ್ಮ ಮನೆ ಹಿಂದೆ ಸರಿಯಿತು. ಸರ್ವೆ ದಾಟಿತು. “ಅಕ್ಕ” ಎಂದೆ. “ಎಂತ?” ಎಂದಳು. “ಅತ್ತೆಗೆ ಹೇಗುಂಟು?” ಎಂದು ಕೇಳಿದೆ. ಸವಣೂರು ದಾಟಿತು. ಮತ್ತೊಮ್ಮೆ ಬಾಯಿ ತೆರೆದೆ. ಬಸ್ಸು ಹೊಂಡಕ್ಕೆ ಹಾರಿತು, ಮಗು ಅತ್ತಿತು, ಅವಳು ಮಗುವನ್ನು ತಟ್ಟಿದಳು. ನಾನು ಬಾಯಿ ಮುಚ್ಚಿದೆ. ದಡದಲ್ಲಿ ಇಳಿದು ಬಳೆಯನ್ನು ನಾನೇ ನೋಡುತ್ತೇನೆ, ಏನೂ ಆಗಿರದಿದ್ದರೆ ಯಾರಿಗೂ ಹೇಳಬೇಕಾಗಿಲ್ಲ. ನಿಜ ಹೇಳುವುದಾದರೆ, ನನ್ನ ಲೆಕ್ಕಾಚಾರ ಅದು.

ಬಸ್ಸಿನಿಂದ ಇಳಿದಾಗ ದೋಣಿ ನಡುಹೊಳೆಯಲ್ಲಿತ್ತು, ನಮ್ಮ ಕಡೆಗೆ ಬರುತ್ತಿತ್ತು. ನೀರಿನ ಬಣ್ಣ ಕೆಮ್ಮಣ್ಣು. ಬುಡಸಮೇತ ಕಿತ್ತ ಮರವೊಂದು ಉರುಳುತ್ತ ಹೋಯಿತು. ಹಗ್ಗ ನೀರು ಹರಿಯುವ ಕಡೆಗೆ ಬಿಲ್ಲಿನ ಹಾಗೆ ಬಗ್ಗಿತ್ತು, ದೋಣಿ ಅದಕ್ಕೆ ಜೋತುಬಿದ್ದು ಮೂತಿ ಅಲ್ಲಾಡಿಸುತ್ತಿತ್ತು. ಹನ್ನೆರಡು ಜನ ಇದ್ದರು. ಮುಂದಿನ ರಾಟೆ ಹಗ್ಗದ ಗಂಟಿನ ಬಳಿ ಎಡವಿ ಎಗರಿತು. ಸರಪಳಿ ಸಡಿಲಾಗಿ ಮತ್ತೆ ‘ಟಕ್’ ಎಂದು ಬಿಗಿಯಿತು. ಆ ಮುಂದಿನ ರಾಟೆಯ ಕೆಳಗಿನ ಬಳೆ ನನ್ನದು. ನಾನು ಮಗುವನ್ನು ಎತ್ತಿಕೊಂಡೇ ನಿಂತಿದ್ದೆ. ದೋಣಿ ದಡ ಮುಟ್ಟಿತು.

ಅವರು ಇಳಿದರು. ಇವರು ಹತ್ತತೊಡಗಿದರು. ಅಂಚೆ ಚೀಲದವರು, ಮೂಟೆ ಹೊತ್ತ ಇಬ್ಬರು, ಮದುವೆಗೆ ಹೊರಟ ಒಂದು ಸಂಸಾರ. ಅಕ್ಕ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ದೋಣಿಯೊಳಗೆ ಕಾಲಿಟ್ಟಳು. ಬಳೆ ದಡದಿಂದ ಎಟುಕುವ ಹಾಗಿರಲಿಲ್ಲ. ನೋಡಿ ತೀರ್ಮಾನಿಸುವ ಅವಕಾಶ ಇರಲಿಲ್ಲ.

“ಅಕ್ಕ, ಇಳಿಯಿರಿ” ಎಂದೆ.

“ಎಂತದಕ್ಕೆ?”

“ಇಳಿಯಿರಿ. ಎಲ್ಲರೂ ಇಳಿಯಿರಿ. ದೋಣಿ ಬಿಡ್ಬೇಡಿ!”

ನನ್ನ ಸ್ವರ ಕಿರುಚಿದಂತೆ ಬಂತು. ಹಗ್ಗ ಹಿಡಿದಿದ್ದ ದೋಣಿಯವ ತಿರುಗಿ ನೋಡಿದ. ಐವತ್ತು ದಾಟಿದ ಮನುಷ್ಯ, ಮೈಯೆಲ್ಲ ಒದ್ದೆ. “ಎಂತ ನಿಮ್ಮ ಗಲಾಟೆ? ಬಿಡ್ಬೇಡಿ ಅನ್ಲಿಕ್ಕೆ ನೀವು ಯಾರು?”

“ಮುಂದಿನ ರಾಟೆಯ ಕೆಳಗಿನ ಬಳೆ ಮಾಡಿದ್ದು ನಾನು. ಅದು ಸರಿ ಇಲ್ಲ. ಒಳಗೆ ಕೂಡ್ಲಿಲ್ಲ.”

ಎಲ್ಲರೂ ಒಟ್ಟಿಗೆ ಮಾತಾಡಿದರು. ಹೊತ್ತಾಯಿತು ಎಂದರು. ಎರಡು ವಾರ ಓಡಿಲ್ಲವೇ ಎಂದರು. ದೋಣಿಯವ ಯಾರಿಗೂ ಉತ್ತರ ಕೊಡದೆ ಅಡ್ಡಹಲಗೆಯ ಮೇಲೆ ಹತ್ತಿ ನಿಂತು ಬಳೆಯನ್ನು ಕೈಯಲ್ಲಿ ಹಿಡಿದ. ಹೆಬ್ಬೆರಳಿನಿಂದ ಬಣ್ಣವನ್ನು ಉಜ್ಜಿದ. ಸೊಂಟದಿಂದ ಸಣ್ಣ ಕತ್ತಿ ತೆಗೆದು ಒಂದು ಕಡೆ ಗೀರಿದ. ಕತ್ತಿಯ ಮೊನೆ ಒಳಗೆ ಹೋಯಿತು. ಅವನು ಅಲ್ಲೇ ಕೈ ನಿಲ್ಲಿಸಿದ.

“ಇಳಿಯಿರಿ ಎಲ್ಲ” ಎಂದ. ಮೆಲ್ಲನೆ ಹೇಳಿದ, ಆದರೆ ಯಾರೂ ಎದುರು ಮಾತಾಡಲಿಲ್ಲ.

ಇಳಿದ ಮೇಲೆ ಮದುವೆಯವರಲ್ಲಿ ಒಬ್ಬರು, “ಹೆಂಗಸರ ಕೈಗೆ ಬೆಂಕಿ ಕೊಟ್ರೆ ಹೀಗೇ ಆಗುದು” ಎಂದರು. ಇನ್ನೊಬ್ಬರು ನನ್ನ ಕಡೆ ಉಗುಳಿದರು. ಅದು ನನಗೆ ದೊಡ್ಡದಾಗಲಿಲ್ಲ. ಅಕ್ಕ ನನ್ನೆದುರು ಬಂದು ನಿಂತಿದ್ದಳು. ಮಳೆ ಅವಳ ಮುಖದ ಮೇಲೆ ಸುರಿಯುತ್ತಿತ್ತು, ಮಗುವಿನ ತಲೆಗೆ ಸೆರಗು ಮುಚ್ಚಿದ್ದಳು.

“ಹೋದ ಶನಿವಾರ ನಾನು ಇದರಲ್ಲೇ ಹೋದದ್ದು. ಸೋಮವಾರ ಬಂದದ್ದು. ಆಗ ಗೊತ್ತಿತ್ತಾ?”

“ಗೊತ್ತಿತ್ತು.”

“ಬಸ್ಸಲ್ಲಿ ಮಗುವನ್ನು ಮಡಿಲಲ್ಲಿ ಇಟ್ಕೊಂಡು ಕೂತದ್ದಲ್ವಾ ನೀವು? ಅಷ್ಟು ದೂರ?”

ಅದೇ ಬಸ್ಸು ಹಿಂದಿರುಗಿದಾಗ ಅವಳು ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ. ದೋಣಿಯವ ಬಳೆಯನ್ನು ಕಳಚಿ ನನ್ನ ಚೀಲಕ್ಕೆ ಹಾಕಿ, “ಇದನ್ನು ನೀವೇ ಕೊಂಡುಹೋಗಿ ತೋರ್ಸಿ” ಎಂದಿದ್ದ.

ಮೇಸ್ತ್ರಿಗಳ ಮನೆ ಶೆಡ್ಡಿನ ಹಿಂದೆಯೇ. ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ನಾನು ಬಳೆಯನ್ನು ಅವರೆದುರು ಇಟ್ಟು ಎಲ್ಲ ಹೇಳಿದೆ. ಗ್ಯಾಸು ಮುಗಿದದ್ದು, ತುಂಬಿದ್ದು, ಅರ ಹಾಕಿದ್ದು. ಅರ ಹಾಕಿದ್ದನ್ನು ಹೇಳಿದಾಗ ಅವರ ಮುಖ ಬಿಗಿಯಿತು.

“ಮಾಡ್ಲಿಕ್ಕೆ ಬಾರದ್ದು ತಪ್ಪಲ್ಲ. ಮುಚ್ಚಿದ್ದು ತಪ್ಪು.”

“ಹೌದು.”

“ನಾನು ಬಡಿದು ನೋಡಿದ್ದೆ.”

“ಸ್ವರ ಸರಿ ಇರ್ಲಿಲ್ಲ” ಎಂದೆ.

ಅವರು ಬಹಳ ಹೊತ್ತು ಬಳೆಯನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ನನ್ನನ್ನು ನೋಡದೆ ಹೇಳಿದರು: “ನನಗೂ ಕೇಳಿತ್ತೋ ಏನೋ. ಗಾಡಿಯ ಮಾತು ಬಂತು, ಮತ್ತೆ ಬಡೀಲಿಲ್ಲ. ಮತ್ತೆ ಬಡಿಯುದು ಬೇಡ ಅಂತ ನನಗೂ ಇದ್ದಿರಬೇಕು.”

ಮರುದಿನ ಬೆಳಿಗ್ಗೆ ಸಮಿತಿ ಸೇರಿತು. ಶೆಡ್ಡಿನ ತೊಲೆಗೆ ಬಳೆಯನ್ನು ಕಟ್ಟಿ, ಕೆಳಗೆ ಸರಪಳಿಯಲ್ಲಿ ಹಲಗೆ ತೂಗಿಸಿ, ಒಂದೊಂದಾಗಿ ಕಬ್ಬಿಣದ ತುಂಡುಗಳನ್ನು ಹೇರಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ; ಅಕ್ಕ ಬಾಗಿಲ ಬಳಿ. ಬೆಳಗಿನ ಮೊದಲ ಬಸ್ಸಿನಲ್ಲಿ ಕಡವಿನಿಂದ ಕಳಚಿ ತರಿಸಿದ್ದ ಅಕ್ಕನ ಬಳೆಯನ್ನು ಮೊದಲು ತೂಗಿಸಿದರು. ಶೆಡ್ಡಿನಲ್ಲಿದ್ದ ಕಬ್ಬಿಣವೆಲ್ಲ ಮುಗಿದರೂ ಅದು ಜಗ್ಗಲಿಲ್ಲ. ನನ್ನದು ಅರ್ಧವೂ ಹೇರುವ ಮೊದಲೇ ಬಾಯಿ ಬಿಟ್ಟಿತು. ಹಲಗೆ ನೆಲಕ್ಕೆ ಬಿದ್ದ ಸದ್ದಿಗೆ ಎಲ್ಲರೂ ಹಿಂದೆ ಸರಿದರು. ಅಧ್ಯಕ್ಷರು ಬಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಮುರಿದ ಬಾಯಿಯ ಒಂದು ಅಂಚು ಮಾತ್ರ ಹೊಳೆಯುತ್ತಿತ್ತು, ಉಳಿದದ್ದೆಲ್ಲ ಕಪ್ಪು.

“ನಾನು ಆ ದಿನ ಭಾಷಣ ಮಾಡಿದ್ದೆ” ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಪ್ಪಿನಲ್ಲಿ ತನಗೂ ಪಾಲಿದೆ ಎಂದು ಮೇಸ್ತ್ರಿಗಳು ಹೇಳಿದರು. ಅಧ್ಯಕ್ಷರು ತಲೆಯಾಡಿಸಿದರು, ಆದರೆ ತೀರ್ಮಾನ ಬದಲಾಗಲಿಲ್ಲ. ತೂಗುವ, ಎಳೆಯುವ ಯಾವ ಸಾಮಾನಾದರೂ ಇನ್ನು ಮುಂದೆ ತೊಲೆಯಲ್ಲಿ ಪರೀಕ್ಷೆಯಾಗದೆ ಹೊರಗೆ ಹೋಗಬಾರದು. ಹೆಂಗಸರಿಗೆ ಗ್ಯಾಸು ಇಲ್ಲ. ಎರಡನೆಯದನ್ನು ಕೇಳಿ ಅಕ್ಕ ಹೊರಟುಹೋದಳು. ಅವಳ ಬಳೆ ಇನ್ನೂ ತೊಲೆಯ ಕೆಳಗೆ ಮೇಜಿನ ಮೇಲಿತ್ತು. ಮೇಸ್ತ್ರಿಗಳು ಹೊಸ ಬಳೆಯೊಂದನ್ನು ಮಾಡಿ, ಅವಳದ್ದರ ಜೊತೆ ಅದನ್ನೂ ಕಡವಿಗೆ ಕಳಿಸಿದರು.

ನಾನು ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದರೆ ನನಗೂ ಸರಿಯಾಗಿ ಗೊತ್ತಿಲ್ಲ. ಬಿಟ್ಟರೆ ಓಡಿಹೋದ ಹಾಗೆ ಎಂದಿತ್ತೇನೋ. ಮರದ ಮೇಜಿನಲ್ಲಿ ಕೆಲಸ ಮಾಡಿದೆ, ನನ್ನ ಸರದಿ ಅಲ್ಲದ ದಿನವೂ ಗುಡಿಸಿದೆ. ಕೆಲವರು ನನ್ನನ್ನು ಕಂಡರೆ ಸರಪಳಿ ಕುಲುಕಿ ನಗುತ್ತಿದ್ದರು. ಅಕ್ಕನೂ ಬರುತ್ತಿದ್ದಳು, ಕುಲುಮೆಯ ಬಳಿ ಕಲಿಯುತ್ತಿದ್ದಳು. ಒಂದೇ ಮಾಡಿನ ಕೆಳಗೆ ನಾಲ್ಕು ತಿಂಗಳು ನಾವು ಮಾತಾಡಲಿಲ್ಲ. ಅಮ್ಮನಿಗೆ ವಿಷಯ ಬಸ್ಸಿನವರಿಂದ ಗೊತ್ತಾಗಿತ್ತು. “ಹೇಳಿದಿಯಲ್ಲ, ಅಷ್ಟು ಸಾಕು” ಎಂದು ಒಮ್ಮೆ ಅಂದಳು. ಅದು ಸಾಕಾಗಿರಲಿಲ್ಲ, ನನಗೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಸಮಿತಿ ಮತ್ತೆ ಸೇರಿದಾಗ ಅಕ್ಕ ಒಳಗೆ ಹೋಗಿ ನಿಂತಳು. ನಾನು ಹೊರಗಿನ ಅಂಗಳ ಗುಡಿಸುತ್ತಿದ್ದೆ, ಕಿಟಕಿಯಿಂದ ಎಲ್ಲ ಕೇಳುತ್ತಿತ್ತು.

“ನನಗೊಂದು ಕೇಳ್ಲಿಕ್ಕುಂಟು” ಎಂದಳು. “ಲೇತಿನ ಹಲ್ಲು ಮುರಿದದ್ದು ಯಾರು? ಒಬ್ಬ ಗಂಡಸು. ಕುಲುಮೆಯ ಮಾಡಿಗೆ ಕಿಚ್ಚು ಹಿಡಿಸಿದ್ದು? ಅದೂ ಗಂಡಸೇ. ಆಗ ಗಂಡಸರಿಗೆಲ್ಲ ಬಂದ್ ಮಾಡಿದ್ರಾ?”

ಅಕ್ಕ ಮುಂದುವರಿಸಿದಳು:

“ತಪ್ಪು ಮಾಡಿದ್ದು ಟೀಚರ್. ಅವರಿಗೆ ಬೇಡ ಅಂದ್ರೆ ನನ್ನ ಅಡ್ಡಿ ಇಲ್ಲ. ನನ್ನ ಬಳೆ ಇವತ್ತಿಗೂ ಹೊಳೆಯ ಮೇಲೆ ಉಂಟು. ನನ್ನ ಕೈ ಎಂತ ಮಾಡಿತ್ತು? ಬಾಗಿಲಲ್ಲಿ ಬರೆದದ್ದನ್ನು ಅಳಿಸಿ, ಇಲ್ಲಾಂದ್ರೆ ನನಗೆ ಗ್ಯಾಸು ಕೊಡಿ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸುವುದು ಕಿಟಕಿಯಿಂದ ಕಂಡಿತು. ಅಷ್ಟು ಹೊತ್ತು ಒರೆಸುವಂಥದ್ದು ಅದರಲ್ಲಿ ಏನೂ ಇರಲಾರದು. ಕೊನೆಗೆ, “ಇವರು ಹೇಳುದು ನ್ಯಾಯ” ಎಂದರು. “ನಾನು ಹೆದರಿ ಮಾಡಿದ ತೀರ್ಮಾನ ಅದು. ವಾಪಸು ತೆಗೊಳ್ಳುವ.”

ನನ್ನ ವಿಷಯ ಬೇರೆಯೇ ಚರ್ಚೆಯಾಯಿತು. ಇನ್ನೂ ಮೂರು ತಿಂಗಳು ಕಾಯಬೇಕು, ಆಮೇಲೆ ಹತ್ತು ಬಳೆ ಮಾಡಿ ಹತ್ತನ್ನೂ ತೊಲೆಯಲ್ಲಿ ತೂಗಿಸಬೇಕು, ತೂಗಿಸುವುದು ಎಲ್ಲರೆದುರು. ನಾನು ಒಪ್ಪಿದೆ.

ಅಕ್ಕ ಹೊರಗೆ ಬಂದಾಗ ನಾನು ಪೊರಕೆ ಹಿಡಿದು ದಾರಿಯಲ್ಲೇ ನಿಂತಿದ್ದೆ. “ನಿಮಗೋಸ್ಕರ ಕೇಳಿದ್ದಲ್ಲ” ಎಂದು ಹೇಳಿ ಹೋದಳು.

ಮೂರು ತಿಂಗಳ ನಂತರ ಜ್ವಾಲೆ ಹಚ್ಚಿ, ಮೊದಲ ಎರಡು ಬಳೆಗಳನ್ನು ನಾನೇ ಕತ್ತರಿಸಿ ಬಿಸಾಡಿದೆ. ಬೆಸುಗೆ ಕೂಡಲಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಮೇಸ್ತ್ರಿಗಳು ಇನ್ನೆರಡು ಸರಳು ತಂದಿಟ್ಟರು. ಹತ್ತು ಬಳೆ ಮುಗಿಯಲು ಎಂಟು ದಿನ ಹಿಡಿಯಿತು. ಯಾವುದಕ್ಕೂ ಅರ ಹಾಕಲಿಲ್ಲ, ಬಣ್ಣ ಬಳಿಯಲಿಲ್ಲ.

ಪರೀಕ್ಷೆಯ ದಿನ ಶೆಡ್ಡು ತುಂಬಿತ್ತು. ಹಲಗೆಗೆ ಕಬ್ಬಿಣ ಹೇರಲು ಒಬ್ಬರು ಬೇಕಿತ್ತು. ಯಾರೂ ಕೇಳದೆ ಅಕ್ಕನೇ ಮುಂದೆ ಬಂದಳು. ಒಂದೊಂದು ತುಂಡು ಇಟ್ಟಾಗಲೂ ಬಗ್ಗಿ, ಬಳೆಯ ಬೆಸುಗೆಗೆ ಮುಖ ತಂದು ನೋಡುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮೊದಲನೆಯದು ನಿಂತಿತು. ಎರಡು, ಮೂರು. ಏಳನೆಯದಕ್ಕೆ ತೊಲೆ ಕಿರ್ರೆಂದಿತು, ಯಾರೋ “ಅಯ್ಯೋ” ಎಂದರು. ಬಳೆ ಹಾಗೇ ಇತ್ತು. ಹತ್ತನೆಯದೂ ಮುಗಿದಾಗ ಅಧ್ಯಕ್ಷರು ಎದ್ದು ನಿಂತು, “ಸಾಕು, ಆಯ್ತು” ಎಂದರು.

“ನಿಲ್ಲಿ ಮಾಸ್ಟ್ರೇ” ಎಂದಳು ಅಕ್ಕ. ಬೆವರು ಒರೆಸಿಕೊಂಡು, ಕಡವಿನ ಆ ದಿನದಿಂದೀಚೆಗೆ ಮೊದಲ ಬಾರಿ ಸರಿಯಾಗಿ ನನ್ನ ಕಡೆ ತಿರುಗಿದಳು. “ಟೀಚರೇ, ಇನ್ನೂ ಎರಡು ತುಂಡು ಹಾಕಿ ನೋಡುವ. ಆ ಬದಿ ನೀವು ಹಿಡೀರಿ.”

ನಾನು ಹೋಗಿ ಹಿಡಿದೆ. ಇಬ್ಬರೂ ಸೇರಿ ಎತ್ತಿ ಹೇರಿದೆವು. ಬಳೆ ತಡೆಯಿತು.